ನಾಲ್ಕು ತಾಲೂಕಿಗೆ ಒಂದೇ ಕೀಲಿ

ಸಿಂದಗಿ ಬಸ್ ಸ್ಟ್ಯಾಂಡಿನ ಎದುರಿಗೆ ಡಿಟಿಪಿ ಅಂಗಡಿ ಇಟ್ಟಿದ್ದ ಸಿದ್ರಾಮ ಆಯುಷ್ಯದಲ್ಲಿ ಒಂದೇ ಒಂದು ದೊಡ್ಡ ತಪ್ಪು ಮಾಡಿದ. ಕನ್ನಡ ಟೈಪಿಂಗಿನ ಸಾಫ್ಟ್‌ವೇರನ್ನು ರೊಕ್ಕ ಕೊಟ್ಟು ಕೊಂಡ.

೧೯೯೯ರ ಮಾತು. ಅಂಗಡಿಗಳಲ್ಲಿ, ಕಾಲೇಜುಗಳಲ್ಲಿ, ಎಲ್ಲಿ ನೋಡಿದರೂ ನಕಲು ಸಿ.ಡಿ.ಗಳದೇ ದರ್ಬಾರು; ಪಾಠ ಹೇಳುವವರಿಗೂ ನಾಚಿಕೆ ಇರಲಿಲ್ಲ. ಆದರೆ ಈ ಕನ್ನಡದ ಸಾಫ್ಟ್‌ವೇರ್ ಅಷ್ಟು ಸಲೀಸಾಗಿ ಬಗ್ಗುವಂಥದ್ದಲ್ಲ. ಅದರ ಜೊತೆ ಬೆಂಕಿಪೆಟ್ಟಿಗೆಯಷ್ಟು ದೊಡ್ಡದೊಂದು ಕೀಲಿ ಬರುತ್ತಿತ್ತು. ಅದನ್ನು ಕಂಪ್ಯೂಟರಿನ ಬೆನ್ನಿಗೆ ಸಿಕ್ಕಿಸದಿದ್ದರೆ ತೆರೆಯ ಮೇಲೆ ಒಂದಕ್ಷರವೂ ಮೂಡುತ್ತಿರಲಿಲ್ಲ.

ಇಂಡಿ, ಮುದ್ದೇಬಿಹಾಳ, ಬಸವನಬಾಗೇವಾಡಿಯಿಂದ ಒಬ್ಬೊಬ್ಬ ಅಂಗಡಿಕಾರ ಅವನನ್ನು ಹುಡುಕಿಕೊಂಡು ಬಂದ. ಊರ ಹೊರಗಿನ ಕೇರಿಯಿಂದ ಬಂದು ಪೇಟೆಯಲ್ಲಿ ಬೋರ್ಡು ಹಾಕಿದ ಮೊದಲಿಗ ಸಿದ್ರಾಮ. 'ಏ ಸಿದ್ರಾಮ' ಎನ್ನುತ್ತಿದ್ದವರೆಲ್ಲ ಕೀಲಿ ಬೇಕಾದಾಗ 'ಸಿದ್ರಾಮಣ್ಣಾರ' ಎಂದರು. ಅಷ್ಟಕ್ಕೇ ಕರಗಿಹೋದ, ದಡ್ಡ! ಡಿಸ್ಕಿನ ನಕಲು ಮಾಡಿಕೊಟ್ಟು ಕೀಲಿಗೆ ಪಾಳಿ ಹಚ್ಚಿದ. ಮಂಗಳವಾರ ಇಂಡಿ, ಬುಧವಾರ ಬಾಗೇವಾಡಿ, ಶುಕ್ರವಾರ ಮುದ್ದೇಬಿಹಾಳ. ಕಂಡಕ್ಟರರ ಕಿಸೆಯಲ್ಲಿ ಅದು ಎರಡು ವರ್ಷ ತಿರುಗಿತು. ವಾರದ ಆ ಮೂರು ದಿನ ಕೊಂಡವನ ಅಂಗಡಿಯಲ್ಲೇ ಕನ್ನಡ ಬಂದ್. ಇದೂ ಕಾಯಿದೆಗೆ ವಿರುದ್ಧವೇ, ಸುಳ್ಳೇಕೆ ಹೇಳಬೇಕು.

ಒಂದು ಬುಧವಾರ ಮುಂಜಾನೆ ಸಾಫ್ಟ್‌ವೇರ್ ಕಂಪನಿಯ ಅಧಿಕಾರಿ ಪೊಲೀಸ್ ಜಮಾದಾರನೊಂದಿಗೆ ಅಂಗಡಿ ಹೊಕ್ಕು ಕಂಪ್ಯೂಟರಿನ ಬೆನ್ನು ನೋಡಿದ.

"ಕೀಲಿ ಎಲ್ಲಿ?"

"ಬಾಗೇವಾಡಿಗೆ ಹೋಗೈತ್ರಿ. ಸುತ್ತ ಇಷ್ಟು ಅಂಗಡಿ ಅದಾವು, ನನ್ ವಿಳಾಸ ನಿಮಗ ಹೆಂಗ ಸಿಕ್ತ್ರಿ?"

ಅಧಿಕಾರಿ ಒಂದು ನೋಂದಣಿ ಕಾರ್ಡು ತೋರಿಸಿದ. ಕೊಂಡ ದಿನ ಸಿದ್ರಾಮ ದುಂಡಗೆ ಬರೆದು ಅಂಚೆಗೆ ಹಾಕಿದ್ದು. ನಾಲ್ಕು ತಾಲೂಕು ಸೇರಿ ಕಂಪನಿಯ ಪುಸ್ತಕದಲ್ಲಿದ್ದದ್ದು ಅವನೊಬ್ಬನ ಹೆಸರು. ಕದ್ದವರು ಕಾರ್ಡು ತುಂಬುತ್ತಾರೆಯೇ? ಹಾಗಾಗಿ ಪೊಲೀಸರು ಬಂದದ್ದು ಕೊಂಡವನ ಬಾಗಿಲಿಗೆ. ನೆನೆಸಿಕೊಂಡರೆ ಇಂದಿಗೂ ಮೈ ಉರಿಯುತ್ತದೆ.

"ಕಾರ್ಡು ಸಾಲದು, ಕೀಲಿ ಇಲ್ಲದ್ದೆಲ್ಲ ನಕಲೇ. ಸಂಜೆಯೊಳಗೆ ಕೀಲಿ ತೋರಿಸು. ಇಲ್ಲದಿದ್ದರೆ ಮಷೀನು ಠಾಣೆಗೆ ಹೋಗುತ್ತದೆ, ನಿನ್ನ ಮೇಲೆ ಕಳವಿನ ಕೇಸು ಬೀಳುತ್ತದೆ."

ಸಿದ್ರಾಮ ಬಾಗೇವಾಡಿಯ ಅಂಗಡಿಕಾರ ಚೇತನಕುಮಾರನಿಗೆ ಫೋನು ಮಾಡಿದ. "ರೇಡ್ ಆಗೈತ್ರಿ. ಕೀಲಿ ತಯಾರ ಇಡ್ರಿ, ಬರಾಕತ್ತೇನಿ" ಎಂದವನೇ ಸಿಕ್ಕ ಬಸ್ ಹತ್ತಿದ. ಮಧ್ಯಾಹ್ನ ಮುಟ್ಟಿದಾಗ ಚೇತನಕುಮಾರ ಬಾಗಿಲಲ್ಲೇ ಎದುರಾದ.

"ರೇಡ್ ಅಂದ ಕೂಡ್ಲೇ ಕೈಕಾಲು ಆಡ್ಲಿಲ್ರಿ. ಪುರಾವೆ ಯಾಕ ಇಟ್ಕೋಬೇಕಂತ ಬಾವ್ಯಾಗ ಒಗದ್ನಿ."

ಅವನ ಮೇಜಿನ ಮೇಲೆ ನಕಲು ಸಿ.ಡಿ.ಗಳ ರಾಶಿ ಹಾಗೇ ಬಿದ್ದಿತ್ತು. ಇಡೀ ಅಂಗಡಿಯಲ್ಲಿದ್ದ ಒಂದೇ ಒಂದು ಅಸಲಿ ವಸ್ತುವನ್ನು ಆರಿಸಿ ಬಾವಿಗೆ ಹಾಕಿದ್ದ, ಪುಣ್ಯಾತ್ಮ! ಸಿದ್ರಾಮನಿಗೆ ಪಿತ್ತ ನೆತ್ತಿಗೇರಿತು.

"ನಡೀರಿ ಸಿಂದಗಿಗೆ. ಕೀಲಿ ಸಿದ್ರಾಮಂದು, ಒಗದಾಂವ ನಾನು ಅಂತ ಸಾಹೇಬ್ರ ಮುಂದ ಹೇಳ್ರಿ. ಮಷೀನ್ ಹೋದ್ರ ಹೋಗ್ಲಿ, ನಾ ಕಳ್ಳ ಅನಸ್ಕೊಳ್ಳಾಂವಲ್ಲ."

"ಹೇಳ್ತೇನ್ರಿ, ನಿಮ್ಮಾಣಿ."

ಸಂಜೆ ಸಿಂದಗಿಯಲ್ಲಿ ಬಾವಿಯ ಕಥೆ ಕೇಳಿ ಅಧಿಕಾರಿ ನಕ್ಕ. "ಹೌದೇನ್ರೀ?" ಎಂದು ಚೇತನಕುಮಾರನ ಕಡೆ ತಿರುಗಿದ.

"ನನಗೇನ್ ಗೊತ್ತಿಲ್ರಿ. ನಾ ಬ್ಯಾರೆ ಕೆಲಸಕ್ಕ ಬಂದಿದ್ನಿ."

ಮಷೀನು ವಶಪಡಿಸಿಕೊಂಡ ಪಂಚನಾಮೆಗೆ ಇನ್ನೊಬ್ಬ ಸಾಕ್ಷಿ ಬೇಕಾಗಿತ್ತು. ಜಮಾದಾರ ಚೇತನಕುಮಾರನನ್ನೇ ಕರೆದ. "ದೊಡ್ಡ ಮನಿತನದವ್ರು, ನೀವ ಸಹಿ ಹಾಕ್ರಿ." ಅಸಲಿ ಕೀಲಿ ಇರಲಿಲ್ಲ, ಕದ್ದ ಸಾಫ್ಟ್‌ವೇರ್ ನನ್ನ ಸಮಕ್ಷಮ ಸಿಕ್ಕಿತು ಎಂಬ ಬರಹದ ಕೆಳಗೆ ಆ ಮರ್ಯಾದಸ್ಥ ತಲೆ ಎತ್ತದೆ ಸಹಿ ಹಾಕಿದ.

"ಈಗ ನೀ ಹಾಕೋ," ಎಂದು ಜಮಾದಾರ ಪೆನ್ನು ಚಾಚಿದ.

ಸಿದ್ರಾಮ ಕಾಗದವನ್ನು ಅಂಗೈಯಿಂದ ಒತ್ತಿ ಹಿಡಿದು, ಅವಸರವಿಲ್ಲದೆ, ಅದೇ ದುಂಡು ಅಕ್ಷರದಲ್ಲಿ ಬರೆದ: 'ನನ್ನ ಕೀಲಿ ಬಾಗೇವಾಡಿಯ ಬಾವಿಯಲ್ಲಿದೆ. ಒಗೆದವನ ಸಹಿ ಮೇಲಿದೆ.' ಅದರ ಕೆಳಗೆ ತನ್ನ ಹೆಸರು.

ಚೇತನಕುಮಾರ ಓದಿ ಕಾಗದಕ್ಕೆ ಕೈ ಹಾಕಿದ. ಜಮಾದಾರ ಅದನ್ನು ಕಸಿದುಕೊಂಡ. ಸಾಕ್ಷಿಗಳ ಸಹಿ ಬಿದ್ದ ಕಾಗದ, ಇನ್ನು ಹರಿಯಲು ಬರುವಂತಿರಲಿಲ್ಲ.