ಎಡಭುಜದ ಹೊದಿಕೆ

ಅಡಾರ್ಕ್ವಾನ ದನಿ ಊರಿಗೆಲ್ಲ ಗೊತ್ತು. ಕುಮಾಸಿ ನಗರದಿಂದ ಒಂದು ಗಂಟೆ ದಾರಿಯ ಆ ಊರಿನ ರೇಡಿಯೊದಲ್ಲಿ ದಿನಾ ಬೆಳಗ್ಗೆ ಸಾವಿನ ಸುದ್ದಿ ಓದುವವನು ಅವನೇ. ಅವನು ಓದಿದರೆ ಸತ್ತವರಿಗೂ ಸಮಾಧಾನ ಎಂದು ಹೆಂಗಸರು ಹೇಳುತ್ತಿದ್ದರು. ಆದರೆ ನಲವತ್ತಾರು ವರ್ಷದ ಆ ಮನುಷ್ಯ ತನ್ನ ಎದೆಯನ್ನು ಮಾತ್ರ ಯಾರಿಗೂ ತೋರಿಸಿದವನಲ್ಲ. ಹದಿಮೂರರಲ್ಲಿ ಉಬ್ಬಿದ ಮೊಲೆಗಳು ಇಳಿಯಲೇ ಇಲ್ಲ. ಹೊಳೆಗೆ ಈಜಲು ಹೋದಾಗ ಓರಗೆಯವರು, "ಏನೇ ಬಾಣಂತಿ, ಕೂಸೆಲ್ಲಿ?" ಎಂದಿದ್ದರು. ಅಲ್ಲಿಗೆ ಈಜು ಮುಗಿಯಿತು.

ಆ ಸೀಮೆಯ ಗಂಡಸರು ಹಬ್ಬಕ್ಕೂ ಸಾವಿಗೂ ಒಂದೇ ದೊಡ್ಡ ಬಟ್ಟೆ ಹೊದೆಯುತ್ತಾರೆ. ಎಡಭುಜ ಮುಚ್ಚಿ, ಬಲಭುಜವನ್ನೂ ಅರ್ಧ ಎದೆಯನ್ನೂ ಬಿಟ್ಟು. ಅಡಾರ್ಕ್ವಾ ಒಳಗೊಂದು ಅಂಗಿ ತೊಟ್ಟು ಸಾವಿನ ಮನೆಗಳನ್ನು ನಿಭಾಯಿಸಿದ. ದೊರೆಯ ಅರಮನೆಯಲ್ಲಿ ಅಂಗಿ ನಡೆಯದು. ಹಾಗಾಗಿ ಬೆಳೆದ ಮೇಲೆ ಅತ್ತ ತಲೆ ಹಾಕಲೇ ಇಲ್ಲ. ಹಬ್ಬ ಬಂತೆಂದರೆ ಅವನಿಗೆ ತಪ್ಪದೆ ಜ್ವರವೂ ಬರುತ್ತಿತ್ತು.

ಅವನ ಸೋದರಮಾವ ಅಗ್ಯಾಪಾಂಗ್ ದೊರೆಯ ಮಾತುಗಾರರು. ದೊರೆಯ ಮಾತು ಜನಕ್ಕೆ, ಜನರ ಮಾತು ದೊರೆಗೆ ಮುಟ್ಟಬೇಕಾದರೆ ಅದು ಚಿನ್ನದ ಕೋಲು ಹಿಡಿದ ಆ ಮುದುಕರ ಬಾಯಿಂದಲೇ ಹಾಯಬೇಕು. ಅಲ್ಲಿ ಮಾವನದೆಲ್ಲ ಅಳಿಯನಿಗೆ. ಎಂಬತ್ತೊಂದು ತುಂಬಿದಾಗ ಅವರು ಅಳಿಯನನ್ನು ಕರೆಸಿದರು.

"ಕೋಲು ಭಾರ ಆಗ್ತಿದೆ ಕಣೋ. ನಿನ್ನಂಥ ದನಿ ನಮ್ಮ ಮನೇಲಿ ಇನ್ನೊಬ್ಬನಿಗಿಲ್ಲ. ಮುಂದಿನ ದೊಡ್ಡ ಹಬ್ಬಕ್ಕೆ ನೀನು ಹಿಡೀಬೇಕು."

"ಅಲ್ಲೀತನಕ ಸ್ವಲ್ಪ ಟೈಮ್ ಕೊಡಿ ಮಾವ."

"ಯಾಕೆ, ಯಾರನ್ನ ಕೇಳ್ಬೇಕು?"

"ಯಾರನ್ನೂ ಇಲ್ಲ."

ತಪ್ಪಾದದ್ದು ಅಲ್ಲೇ. ಅವನು ನಿಜಕ್ಕೂ ಯಾರನ್ನೂ ಕೇಳಲಿಲ್ಲ. ನೇರ ಕುಮಾಸಿಯ ಆಸ್ಪತ್ರೆಗೆ ಹೋದ. ಡಾಕ್ಟರ್ ಯಾಕುಬು ದೇಶದ ಉತ್ತರದವರು, ಮೈತುಂಬ ನಿಲುವಂಗಿ ತೊಡುವ ಜನ; ಈ ಹೊದಿಕೆಯ ರೀತಿ ಅವರಿಗೆ ತಿಳಿಯದು. ಪೆನ್ನು ಹಿಡಿದು ಅವನ ಎದೆಯ ಮೇಲೆ ಗೆರೆ ಎಳೆದರು.

"ತೊಟ್ಟಿನ ಸುತ್ತ ಕಪ್ಪಿದೆಯಲ್ಲ, ಅದರ ಅಂಚಲ್ಲಿ ಅರ್ಧ ಸುತ್ತು ಕೊಯ್ತೀನಿ. ಬಣ್ಣ ಬದಲಾಗೋ ಜಾಗ, ಗಾಯ ಅಷ್ಟಾಗಿ ಕಾಣಲ್ಲ."

ಅಡಾರ್ಕ್ವಾ ತೋಳಿನ ಲಸಿಕೆ ಗುರುತು ತೋರಿಸಿದ; ಹುಣಸೆ ಬೀಜದಷ್ಟು ಉಬ್ಬಿ ನಿಂತಿತ್ತು. "ನನ್ನ ಚರ್ಮ ಇಂಥದ್ದು ಡಾಕ್ಟ್ರೇ. ಬಲಗಡೆ ಎದೆ ಮೇಲೆ ಒಂದು ಗೀರೂ ಬೇಡ. ಕಂಕುಳಲ್ಲಿ ಕೊಯ್ಯಿರಿ."

"ಬಲಗಡೇದು ಚಿಕ್ಕದು, ಹೆಂಗೋ ತೆಗೀಬಹುದು. ಎಡಗಡೆ ಚರ್ಮ ಜೋತುಬಿದ್ದಿದೆ, ಅದು ಕಂಕುಳಿಂದ ಆಗಲ್ಲ. ಅಂಚಲ್ಲಿ ಕೊಯ್ದರೆ ಎರಡು ಸಲ ಬರಬೇಕಾಗುತ್ತೆ."

"ಎರಡು ಸಲ ಯಾಕೆ? ಎದೆ ಅಡಿಯಲ್ಲಿ ಉದ್ದವಾಗಿ ಕೊಯ್ದು ಒಂದೇ ಸಲಕ್ಕೆ ಮುಗಿಸಿ. ಅಲ್ಲಿ ಬಟ್ಟೆ ಇರುತ್ತೆ."

"ಬಟ್ಟೆ ಯಾವತ್ತೂ ತೆಗೆಯಲ್ವಾ?"

"ಹೆಂಡತಿ ಮುಂದೆ ಮಾತ್ರ." ಇಬ್ಬರೂ ನಕ್ಕರು.

ಬಲಗಡೆ ಅಂದುಕೊಂಡಂತೆಯೇ ಆಯಿತು. ಎಡಗಡೆಯ ಗಾಯ ತುರಿಸಿ, ಉಬ್ಬಿ, ಹಬ್ಬದ ಹೊತ್ತಿಗೆ ಹೆಬ್ಬೆರಳಿನಷ್ಟು ದಪ್ಪಗೆ ಎದೆಯಡಿ ಅಡ್ಡಕ್ಕೆ ಮಲಗಿತ್ತು. ಅವನು ತಲೆ ಕೆಡಿಸಿಕೊಳ್ಳಲಿಲ್ಲ. ಹಬ್ಬದ ದಿನ ಅಂಗಿಯಿಲ್ಲದೆ ಹೊದ್ದು ಬಂದ ಗಂಡನನ್ನು ನೋಡಿ ಹೆಂಡತಿ ಸೆರ್ವಾ, "ಇಂಥ ಗಂಡಸು ನಮ್ಮನೇಲೇ ಇದ್ನಾ? ಮೊದಲೇ ಹೇಳ್ಬಾರ್ದಿತ್ತಾ," ಎಂದು ಛೇಡಿಸಿದಳು. ಬಿಸಿಲು ಬಲಭುಜಕ್ಕೆ ತಾಗುತ್ತಿದ್ದರೆ ಅವನಿಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ.

ಅರಮನೆಯ ಅಂಗಳದಲ್ಲಿ ಅವನ ಮುಂದೆ ಮೂವರು ಹಿರಿಯರಿದ್ದರು. ಮೊದಲನೆಯವರು ದೊರೆಯೆದುರು ಚಪ್ಪಲಿ ಕಳಚಿದರು, ಎಡಭುಜದ ಹೊದಿಕೆಯನ್ನು ಸೊಂಟಕ್ಕಿಳಿಸಿ ಬಾಗಿದರು. ಎರಡನೆಯವರೂ ಹಾಗೆಯೇ. ಆಗ ಅಡಾರ್ಕ್ವಾನಿಗೆ ನೆನಪಾಯಿತು. ದೊರೆಯ ಮುಂದೆ ಹೊದಿಕೆ ಇಳಿಸಬೇಕೆಂಬುದು ಅಲ್ಲಿ ಮಕ್ಕಳಿಗೂ ಗೊತ್ತು. ಅವನೂ ಚಿಕ್ಕಂದಿನಲ್ಲಿ ಕಂಡಿದ್ದ. ಅಷ್ಟು ವರ್ಷ ತಪ್ಪಿಸಿಕೊಂಡು ತಿರುಗಿದವನಿಗೆ ಅದು ಮರೆತೇ ಹೋಗಿತ್ತು.

ಅವನ ಸರದಿ ಬಂತು. ಕೈ ಎಡಭುಜಕ್ಕೆ ಹೋಗಿ ಬಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿತು.

"ಇಳಿಸಪ್ಪಾ," ಎಂದು ಹಿಂದಿನಿಂದ ಯಾರೋ ಪಿಸುಗುಟ್ಟಿದರು. ಅವನು ಇಳಿಸಲಿಲ್ಲ.

"ದೊರೆ ಮುಂದೆ ಹೊದ್ಕೊಂಡು ನಿಂತಿದಾನಲ್ಲ, ಎಷ್ಟು ಸೊಕ್ಕು ಇವನಿಗೆ," ಎಂದಿತು ಇನ್ನೊಂದು ಬಾಯಿ.

ಆಗ ಅಗ್ಯಾಪಾಂಗ್ ಕೋಲನ್ನು ಪಕ್ಕದವರ ಕೈಗೆ ಕೊಟ್ಟು ಮುಂದೆ ಬಂದರು. ಹೊದಿಕೆಯನ್ನು ಸೊಂಟಕ್ಕಿಳಿಸಿದರು, ಅಳಿಯನ ಪರವಾಗಿ ಮಣ್ಣಿನಲ್ಲಿ ಮಂಡಿಯೂರಿ ಕ್ಷಮೆ ಕೇಳಿದರು. ಅವರ ಎದೆಯ ಮೇಲೆ ಎರಡು ತುಂಬು ಮೊಲೆಗಳು ಇಳಿಬಿದ್ದಿದ್ದವು. ಅಡಾರ್ಕ್ವಾನದು ಹೇಗಿತ್ತೋ ಹಾಗೆ, ಅದಕ್ಕಿಂತ ದೊಡ್ಡವು. ಅಂಗಳದ ಅಷ್ಟು ಜನರಲ್ಲಿ ಒಬ್ಬರೂ ನಗಲಿಲ್ಲ. ಮೂವತ್ತು ವರ್ಷದಿಂದ ನೋಡುತ್ತ ಬಂದವರು, ನಗುವುದೇನಿದೆ?

ಕೋಲು ಅವನ ಚಿಕ್ಕಮ್ಮನ ಮಗನಿಗೆ ಹೋಯಿತು.

ಮನೆಯ ದಾರಿಯಲ್ಲಿ ಅಡಾರ್ಕ್ವಾ ಮಾವನಿಗೆ ಎಲ್ಲವನ್ನೂ ಹೇಳಿದ. ಮುದುಕರು ನಡಿಗೆ ನಿಧಾನ ಮಾಡಿದರು.

"ನಮ್ಮಮ್ಮನ ಕಡೆ ಗಂಡಸರದು ಹಿಂಗೇ ಕಣೋ. ನಂದು ನೋಡೇ ಇರ್ಲಿಲ್ವಾ ನೀನು?"

"ಇಲ್ಲ ಮಾವ."

"ಒಂದು ಮಾತು ಕೇಳಿದ್ರೆ ಬಿಚ್ಚಿ ತೋರಿಸ್ತಿದ್ನಲ್ಲ," ಎಂದು ಅವರು ಮಂಡಿಗೆ ಅಂಟಿದ ಮಣ್ಣು ಕೊಡವಲು ಹೋಗಿ, ಬಗ್ಗಲಾರದೆ ನಿಂತರು. ಅಡಾರ್ಕ್ವಾ ನೆಲಕ್ಕೆ ಕೂತು ಒರೆಸಿದ.