ನಂಟರ ಮನೆಯಲ್ಲಿ ಭಿಕ್ಷೆ ಎತ್ತಬಾರದು

ತಾಮ್ರದ ಚೊಂಬಿಗೆ ಹುಣಸೆಹಣ್ಣು ಹಚ್ಚಿ ಉಜ್ಜುವಾಗ ಒಂದು ವಾಸನೆ ಏಳುತ್ತದೆ, ಗಮನಿಸಿದ್ದೀರಾ? ಅರ್ಧ ಹುಳಿ, ಅರ್ಧ ಲೋಹ. ಮೂಗಿಗೆ ಅಂಥ ಹಿತವೇನಲ್ಲ. ಇವತ್ತು ಬೆಳಿಗ್ಗೆ ಕೆಲಸದವಳು ಬರಲಿಲ್ಲವೆಂಬ ಸಿಟ್ಟಿನಲ್ಲಿ ನಾನೇ ಚೊಂಬು ಹಿಡಿದು ಕೂತೆ. ಉಜ್ಜುತ್ತ ಉಜ್ಜುತ್ತ ಸಿಟ್ಟು ಇಳಿಯಿತು, ಅವ್ವ ನೆನಪಾದಳು. ಹಿಂದೂಪುರದಂಥ ಹುಣಸೆಹಣ್ಣಿನ ಊರಿನಲ್ಲಿ ಹುಟ್ಟಿದವಳಿಗೆ ಹುಣಸೆಯಿಂದ ಏನೇನೋ ನೆನಪಾಗಬೇಕು. ನನಗೆ ಮಾತ್ರ ಅವ್ವ ಮತ್ತು ಅವಳ ಶ್ರಾವಣ ಶನಿವಾರಗಳು.

ಅವ್ವ ಎಂದರೆ ನನ್ನ ಅಪ್ಪನ ತಾಯಿ. ನಮ್ಮ ಕಡೆ ಅಜ್ಜಿಯನ್ನು ಹಾಗೇ ಕರೆಯುವುದು. ಬ್ರಹ್ಮಸಮುದ್ರದ ಹತ್ತಿರದ ಹಳ್ಳಿಯಿಂದ ಹಿಂದೂಪುರದ ನೇಯ್ಗೆಯವರ ಮನೆಗೆ ಸೊಸೆಯಾಗಿ ಬಂದವಳು. ತರಕಾರಿಯವಳ ಹತ್ತಿರ ಚೌಕಾಶಿ ತೆಲುಗಿನಲ್ಲಿ, ತಿಮ್ಮಪ್ಪನ ಹತ್ತಿರ ಚೌಕಾಶಿ ಕನ್ನಡದಲ್ಲಿ. ತಾತ ಹೋದರು, ಮಗ್ಗಗಳು ನಿಂತವು, ಮಗ್ಗದ ಜಾಗದಲ್ಲಿ ಅಪ್ಪನ ಸೀರೆ ಅಂಗಡಿ ಬಂತು. ಅವ್ವನ ಬೆಳಗಿನ ದೀಪ ಮಾತ್ರ ಒಂದು ದಿನವೂ ತಪ್ಪಲಿಲ್ಲ. ಬಾಗಿಲಿಗೆ ಯಾರೇ ಬಂದರೂ “ಉಂಡ್ಯೇನಪ್ಪಾ?” ಎಂದು ಕೇಳಿಯೇ ಮುಂದಿನ ಮಾತು. ಕರೆಂಟ್ ಬಿಲ್ ಕೊಡಲು ಬಂದವನೂ ಉಂಡು ಹೋದದ್ದುಂಟು.

ನಮ್ಮ ಮನೆದೇವರು ತಿರುಪತಿ ತಿಮ್ಮಪ್ಪ. ಅಂಥ ಮನೆಯವರು ಶ್ರಾವಣ ಶನಿವಾರ ಹಣೆಗೆ ನಾಮ ಹಾಕಿಕೊಂಡು, ಚೊಂಬಿಗೂ ನಾಮ ಬಳಿದು, “ವೆಂಕಟರಮಣಾ ಗೋವಿಂದಾ” ಎಂದು ಮನೆ ಮನೆಗೆ ಹೋಗಿ ಅಕ್ಕಿ ಬೇಡಬೇಕು. ಎಷ್ಟೇ ಉಳ್ಳವರಾಗಲಿ, ಅವತ್ತು ತಿರುಕರೇ. ಆ ಅಕ್ಕಿಯಲ್ಲೇ ಅಡುಗೆ, ಅದೇ ನೈವೇದ್ಯ. ನಾನಾಗ ಕಾಲೇಜಿನಲ್ಲಿದ್ದೆ, ಎರಡು ಪುಸ್ತಕ ಓದಿ ಇದೆಲ್ಲ ಮೂಢನಂಬಿಕೆ ಎಂದು ಭಾಷಣ ಬಿಗಿಯುತ್ತಿದ್ದೆ. ಭಿಕ್ಷೆ ಅಕ್ಕಿಯ ಪೊಂಗಲಿಗೆ ಮೊದಲು ತಟ್ಟೆ ಹಿಡಿದು ಕೂರುತ್ತಿದ್ದವಳೂ ನಾನೇ. ಈ ಭಿಕ್ಷೆಗೆ ಅವ್ವನ ಕಾನೂನೊಂದಿತ್ತು: ನಂಟರ ಮನೆಯಲ್ಲಿ ಎತ್ತಬಾರದು. ನಂಟರದು ನಮ್ಮದೇ ಅಕ್ಕಿ. ನಮ್ಮದನ್ನೇ ನಾವು ಬೇಡಿದರೆ ಅದು ಭಿಕ್ಷೆಯಲ್ಲ, ನಾಟಕ. ಯಾವ ಶಾಸ್ತ್ರದಲ್ಲಿದೆಯೋ ಕೇಳಬೇಡಿ. ನಮ್ಮ ಮನೆಯಲ್ಲಿ ಅವ್ವ ಹೇಳಿದ್ದೇ ಶಾಸ್ತ್ರ.

ಇನ್ನು ಜಗಳದ ಕಥೆ. ಅವ್ವನಿಗೆ ಇಬ್ಬರು ಮಕ್ಕಳು: ನನ್ನ ಅಪ್ಪ, ಮತ್ತು ಕಲ್ಯಾಣದುರ್ಗಕ್ಕೆ ಕೊಟ್ಟಿದ್ದ ನನ್ನ ಅತ್ತೆ. ನನ್ನ ಅಕ್ಕನ ಮದುವೆಯ ಗಡಿಬಿಡಿಯಲ್ಲಿ ಅಪ್ಪ ಒಂದು ಮಹಾಪರಾಧ ಮಾಡಿದ. ಒಡಹುಟ್ಟಿದ ತಂಗಿಯ ಮನೆಗೆ ಅರಿಶಿನ ಕುಂಕುಮ ಹಿಡಿದು ತಾನೇ ಹೋಗಿ ಕರೆಯುವುದು ಬಿಟ್ಟು, ಲಗ್ನಪತ್ರಿಕೆಯನ್ನು ಕಲ್ಯಾಣದುರ್ಗದ ಬಸ್ ಕಂಡಕ್ಟರನ ಕೈಯಲ್ಲಿ ಕಳಿಸಿದ. ಪರಿಚಯದವನು, ಮರೆಯದೆ ಮುಟ್ಟಿಸುತ್ತಾನೆ ಎಂಬ ಧೈರ್ಯ. ಪುಣ್ಯಾತ್ಮ ಮರೆಯಲಿಲ್ಲ, ಯಾರದೋ ಬೋರ್‌ವೆಲ್ ಮೋಟರಿನ ಜೊತೆಗೆ ಅದನ್ನೂ ಇಳಿಸಿದ. “ಮೋಟ್ರು ಜತೆಗೆ ಕರ್ಸ್ಕೊಂಡು ಬರಾಕೆ ನಾನೇನು ಪಾರ್ಸಲ್ಲಾ?” ಎಂದಳಂತೆ ಅತ್ತೆ. ಮದುವೆಗೆ ಬರಲಿಲ್ಲ. ಬರಲಿಲ್ಲವೆಂದು ಅಪ್ಪನಿಗೂ ಕೋಪ. ಮಾತು ನಿಂತೇ ಹೋಯಿತು. ಅವ್ವ ಎರಡೂ ಮನೆಗೆ ಓಡಾಡುತ್ತಿದ್ದಳು. ಇಲ್ಲಿ ಅವಳ ಸುದ್ದಿ ಎತ್ತುವಂತಿಲ್ಲ, ಅಲ್ಲಿ ಇವನ ಸುದ್ದಿ ಎತ್ತುವಂತಿಲ್ಲ. ಹೆತ್ತವಳ ಗೋಳು ಯಾರಿಗೆ ಬೇಕು?

ಆ ವರ್ಷ ಅವ್ವನಿಗೆ ಮೈಯಲ್ಲಿ ಚೆನ್ನಾಗಿರಲಿಲ್ಲ. ನಾಲ್ಕು ಹೆಜ್ಜೆಗೆ ಉಬ್ಬಸ. ಶ್ರಾವಣ ಬಂದಾಗ, ಅಂಗಡಿ ಇಟ್ಟ ಮೇಲೆ ಭಿಕ್ಷೆಯ ಚೊಂಬು ಮುಟ್ಟದಿದ್ದ ಅಪ್ಪನನ್ನು ಕರೆದು, “ಈ ಸಲ ನೀನೇ ಎತ್ತಬೇಕು ಕಣಪ್ಪ,” ಎಂದಳು. ನಮ್ಮ ಬೀದಿಯಲ್ಲೇ ತಾನೆ ಎಂದು ಅಪ್ಪ ಒಪ್ಪಿದ. ಶನಿವಾರ ನಾಮ ಬಳಿದಾದ ಮೇಲೆ ಗೊತ್ತಾಯಿತು, ಹೋಗಬೇಕಾದ್ದು ಕಲ್ಯಾಣದುರ್ಗಕ್ಕೆ.

“ನಂಟರ ಮನೇಲಿ ಎತ್ತಬಾರ್ದು ಅಂತ ನೀನೇ ಹೇಳ್ತಿದ್ಯಲ್ಲಮ್ಮಾ?” ಅಪ್ಪ ಕಾನೂನು ತೆಗೆದ.

“ನಂಟು ಎಲ್ಲೈತ್ಲಾ? ಮಾತಿಲ್ಲ, ಕತೆಯಿಲ್ಲ. ಬೇರೇರ ಮನೆ ತಾನೆ ಅದು? ಎತ್ತಬೋದು.”

ಅವ್ವ ಗೋಡೆ ಹಿಡಿದು ನಿಂತಳು. “ನನ್ ಹೆಣದ ಮುಂದೆ ನೀವಿಬ್ರೂ ಆ ಕಡೆ ಒಬ್ರು, ಈ ಕಡೆ ಒಬ್ರು ಕುಂತ್ಕೊಂಡು ಅಳ್ತೀರಲ್ಲ, ಆ ಅಳು ನಂಗೆ ಬ್ಯಾಡ. ನಡಿ.”

ನಡೆದೆವು. ಅವ್ವನನ್ನು ಹಿಡಿದುಕೊಳ್ಳಲು ನಾನು. ಇಸ್ತ್ರಿ ಅಂಗಿ ಬಿಟ್ಟು ಹೊರಬೀಳದ ಅಪ್ಪ, ಬರಿಮೈ ಮೇಲೆ ಶಲ್ಯ ಹೊದ್ದು, ಹಣೆತುಂಬ ನಾಮ ಬಳಿದು, ಬಸ್ಸಿನ ಕಿಟಕಿಗೆ ಮುಖ ತಿರುಗಿಸಿ ಕೂತಿದ್ದ. ಪಕ್ಕದ ಮುದುಕಿ ಕೈಮುಗಿದು ಚೊಂಬಿನೊಳಗೆ ಎರಡು ಬಾಳೆಹಣ್ಣು ತುರುಕಿದಳು. “ಗೋವಿಂದಾ ಅನ್ಲಾ!” ಎಂದು ಅವ್ವ ತಿವಿದಳು. ಅಪ್ಪ ನೆಗಡಿಯಾದವನಂತೆ ಗೋವಿಂದ ಎಂದ. ನನಗೋ ನಗು ತಡೆಯಲಾಗದೆ ಚೂಡಿದಾರಿನ ವೇಲನ್ನೇ ಬಾಯಿಗೆ ತುರುಕಿಕೊಂಡೆ.

ಅತ್ತೆಯ ಬೀದಿಯಲ್ಲಿ ಅಪ್ಪ ಮೊದಲು ಅಕ್ಕಪಕ್ಕದ ಮನೆಗಳಲ್ಲಿ ಎತ್ತಿದ. ಅವ್ವ ಎದುರು ಮನೆಯ ಜಗಲಿ ಮೇಲೆ ಕೂತು ನನ್ನ ಕೈ ಗಟ್ಟಿಯಾಗಿ ಹಿಡಿದಳು. ಆಗ ನನಗೆ ಹೊಳೆಯಿತು. “ಅವ್ವಾ, ಅತ್ತೆ ಅಕ್ಕಿ ಹಾಕ್ಬುಟ್ರೆ?” ಎಂದೆ.

“ಹಾಕ್ಬುಟ್ರೆ ಬೇರೇರೇ ಅಂತ ಆಯ್ತು ಕಣಮ್ಮ. ಅಲ್ಲಿಗೆ ಮುಗೀತು.”

ಅಪ್ಪ ಅತ್ತೆಯ ಬಾಗಿಲಲ್ಲಿ ನಿಂತ. “ವೆಂಕಟರಮಣಾ...” ಎಂದು ನಿಲ್ಲಿಸಿದ. ಇನ್ನೊಮ್ಮೆ ಶುರು ಮಾಡಿ ಹೇಗೋ ಮುಗಿಸಿದ. ಅತ್ತೆ ಮೊರದಲ್ಲಿ ಅಕ್ಕಿ ಹಿಡಿದು, ಸೆರಗು ಹೊದ್ದು ಭಕ್ತಿಯಿಂದ ಹೊರಬಂದಳು. ತಲೆ ಎತ್ತಿದಳು. ಅವಳ ಮುಖ ಕೆಂಪಾಯಿತು. ಅಪ್ಪ ಚೊಂಬು ಮುಂದೆ ಹಿಡಿದ. ಅತ್ತೆ ತುಟಿ ಬಿಗಿದು ಮೊರ ಬಗ್ಗಿಸಿದಳು. ಅಕ್ಕಿ ಜಾರಿ ಮೊರದ ಅಂಚಿಗೆ ಬಂತು. ಅವ್ವನ ತುಟಿ ಅಲ್ಲಾಡುತ್ತಿತ್ತು, ಸದ್ದಿರಲಿಲ್ಲ. ಮೂಢನಂಬಿಕೆಯ ಭಾಷಣ ಬಿಗಿಯುತ್ತಿದ್ದ ನಾನೂ ಆ ಕ್ಷಣ ತಿಮ್ಮಪ್ಪನನ್ನು ಕರೆದೆ, ಸುಳ್ಳೇಕೆ ಹೇಳಲಿ?

ಅತ್ತೆ ಮೊರ ಹಿಂದಕ್ಕೆಳೆದು ಹೊಸ್ತಿಲ ಮೇಲೆ ಇಟ್ಟುಬಿಟ್ಟಳು.

“ಯಾವ ಸೀಮೆ ದಾಸಯ್ಯನಯ್ಯಾ ನೀನು? ನಂಟರ ಮನೇಲಿ ಎತ್ತಬಾರ್ದು ಅಂತ ನಿಮ್ಮಮ್ಮ ಹೇಳ್ಕೊಟ್ಟಿಲ್ವಾ?”

“ಹೇಳ್ಕೊಟ್ಟವ್ಳೆ,” ಎಂದ ಅಪ್ಪ, ಚಿಕ್ಕ ಹುಡುಗನ ಹಾಗೆ. “ಹಂಗಾರೆ ಹಾಕಾಕಿಲ್ವಾ?”

“ಹಾಕಾಕಿಲ್ಲ. ಕಾಲ್ ತೊಳ್ಕೊಂಡು ಒಳಿಕ್ಕೆ ಬಾ. ಮೊದ್ಲು ಉಣ್ಣು, ಆಮೇಲೈತೆ ನಿಂಗೆ!” ಎಂದವಳು ಅಲ್ಲೇ ಬಾಗಿಲ ಚೌಕಟ್ಟು ಹಿಡಿದು ಅಳತೊಡಗಿದಳು. ಅಪ್ಪನೂ ಅತ್ತ. ನಾಮವೆಲ್ಲ ಕರಗಿ ಮೂಗಿನ ಮೇಲೆ ಇಳಿಯಿತು.

ಅವ್ವ ಅಳಲಿಲ್ಲ. “ಏಳಮ್ಮ, ಹೊಟ್ಟೆ ಹಸೀತೈತೆ,” ಎಂದು ನನ್ನ ಭುಜ ಹಿಡಿದು ಎದ್ದಳು. ಅಕ್ಕಪಕ್ಕದ ಮನೆಗಳ ಅಕ್ಕಿಯನ್ನು ಅತ್ತೆಯ ಅಡುಗೆಮನೆಯಲ್ಲೇ ಬೇಯಿಸಿ ನೈವೇದ್ಯವಾಯಿತು. ಊಟದ ನಡುವೆ ಕಂಡಕ್ಟರನ ಮಾತು ಬಂತು, ದೊಡ್ಡ ಜಗಳವೇ ಆಯಿತು. ಅವ್ವ ಎರಡನೇ ಸಲ ಪೊಂಗಲ್ ಹಾಕಿಸಿಕೊಂಡಳು.

ಮುಂದಿನ ಶ್ರಾವಣಕ್ಕೆ ಅವಳಿರಲಿಲ್ಲ. ಅವಳು ಹೋದ ದಿನ ಅಣ್ಣ ತಂಗಿ ಒಂದೇ ಕಡೆ, ಒಬ್ಬರ ಹೆಗಲ ಮೇಲೊಬ್ಬರು ತಲೆಯಿಟ್ಟು ಅತ್ತರು.

ಈಗ ಅಪ್ಪ ನನ್ನ ಮನೆಯಲ್ಲಿದ್ದಾನೆ. ಕಿವಿ ಮಂದ. ಅತ್ತೆ ದಿನಾ ಫೋನ್ ಮಾಡಿ ಮಾತ್ರೆ ನುಂಗಲಿಲ್ಲ, ವಾಕಿಂಗ್ ಹೋಗಲಿಲ್ಲ ಎಂದು ಬೈಯುತ್ತಾಳೆ. ಅಪ್ಪ ಅದಕ್ಕಿಂತ ಜೋರಾಗಿ ತಿರುಗಿ ಬೈಯುತ್ತಾನೆ. ಈ ಗಲಾಟೆ ತಡೆಯಲಾರದೆ ಅವನ ಕೋಣೆಯ ಬಾಗಿಲು ಹಾಕಿ ಬರುವುದು ನನ್ನ ರೂಢಿ. ಇವತ್ತು ಹಾಕಲಿಲ್ಲ. ಒದ್ದೆ ಕೈ ಒರೆಸಿಕೊಂಡು ಅವನ ಮಂಚದ ತುದಿಯಲ್ಲಿ ಕೂತು ಪೂರ್ತಿ ಕೇಳಿಸಿಕೊಂಡೆ.

“ಏನಂತಪ್ಪಾ ಅತ್ತೆ?” ಎಂದೆ, ಫೋನಿಟ್ಟ ಮೇಲೆ.

“ಏನಿಲ್ಲ, ಬೈದ್ಲು,” ಎಂದು ಮಾತ್ರೆಯ ಡಬ್ಬಿ ಹತ್ತಿರಕ್ಕೆ ಎಳೆದುಕೊಂಡ. “ಬೈಲಿ ಬಿಡು. ಅಮ್ಮ ಬೇಡ್ಕೊಂಡಿದ್ದು ಇದ್ನೇ.”