ಮುತ್ಯಾನ ನಡುಗುವ ಕೈ

ಮೊದಲೇ ಒಪ್ಪಿಕೊಳ್ಳುತ್ತೇನೆ, ಕಾಯಿಲೆಯ ನಕಲು ಮಾಡಿ ಜನರನ್ನು ನಗಿಸಿದ ಮೂರ್ಖ ನಾನೇ. ವನದುರ್ಗದ ಕುರಿಗಾಹಿ ಅಜ್ಜ, ನಮ್ಮೆಲ್ಲರ ಮುತ್ಯಾ, ನಡೆಯುತ್ತಲೇ ತಕಲಿಯಲ್ಲಿ ಉಣ್ಣೆ ನೂಲುತ್ತಿದ್ದ. ಆ ಬೇಸಿಗೆಯಲ್ಲಿ ಅವನ ಬೆರಳು ನಡುಗಿ ನೂಲು ಮತ್ತೆ ಮತ್ತೆ ತುಂಡಾಗತೊಡಗಿತು. ಕೊಡಗಟ್ಟಲೆ ನೀರು ಕುಡಿದು, "ಬಿಸಲು ಭಾಳ ಅದಲೇ" ಎನ್ನುತ್ತಿದ್ದ. ಅವನ ಬೆರಳು ನಡುಗುವುದನ್ನೂ ಗಟಗಟ ನೀರು ಕುಡಿಯುವುದನ್ನೂ ನಾನು ಊರವರ ಮುಂದೆ ಆಡಿ ತೋರಿಸಿ ನಗಿಸುತ್ತಿದ್ದೆ.

ಕೆಮ್ಮಿಗೆಂದು ಶಹಾಪುರದ ದವಾಖಾನೆಗೆ ಹೋದ ನಾನು ಅಲ್ಲಿಯೂ ಅದನ್ನೇ ಆಡಿ ತೋರಿಸಿದೆ. ಎಲ್ಲರೂ ನಕ್ಕರು, ಡಾಕ್ಟರು ಮಾತ್ರ ನಗಲಿಲ್ಲ.

"ಅವನ್ನ ಇವತ್ತೇ ಕರ್ಕೊಂಡ್ ಬಾ" ಎಂದರು.

ಕರೆತಂದು ಪರೀಕ್ಷಿಸಿದರೆ, ಮುತ್ಯಾನಿಗೆ ಥೈರಾಯ್ಡ್ ಅತಿಯಾಗಿ ಕೈ ನಡುಗುತ್ತಿತ್ತು; ಅದರಿಂದಲೇ ರಕ್ತದಲ್ಲಿ ಕ್ಯಾಲ್ಸಿಯಂ ಜೀವಕ್ಕೇ ಅಪಾಯವಾಗುವಷ್ಟು ಏರಿ ಆ ದಾಹ ಹತ್ತಿತ್ತು. ಸಲೈನು ಹಚ್ಚಿ, ಗುಳಿಗೆ ಕೊಟ್ಟು ಕೆಲವು ತಿಂಗಳಾದ ಮೇಲೆ ಮುತ್ಯಾನ ನೂಲು ಮತ್ತೆ ಗಟ್ಟಿಯಾಯಿತು.

"ನನ್ನ ನಕಲಿನಿಂದನ ನೀ ಉಳದಿ, ಮುತ್ಯಾ" ಎಂದು ಬೀಗುತ್ತ ಬೆರಳು ನಡುಗಿಸಿದೆ.

ಅವನು ತಕಲಿ ತಿರುಗಿಸುತ್ತಲೇ ಅಂದ: "ನಂಗ ಆರಾಮಾಗ್ಯಾದಲೇ. ಈಗ ನಿನ್ನ ಕೈಯಾಗಿನ ರೋಗ ಯಾರದು?"